ತಾಡಪತ್ರಿಯ ಕೆಳಗಿನ ಜೇಕು

ಕಬ್ಬಿಣದ ಅದಿರಿನ ಲಾರಿಗಳು ಊರನ್ನೇ ಕೆಂಪು ಮಾಡಿದ್ದ ಕಾಲ. ಕೆಲವರು ಅದಿರನ್ನು ಹಿತ್ತಲಲ್ಲೇ ಮುಚ್ಚಿಟ್ಟು ಕದ್ದು ಮಾರುತ್ತಿದ್ದರು. ನಾನಾಗ ಸಂಡೂರಿನಲ್ಲಿ ಮೇಷ್ಟ್ರು. ಹಿತ್ತಲ ತುಂಬ ಜೇಕು. ಅಗೆದಷ್ಟೂ ಹೆಚ್ಚುವ ಹಾಳು ಕಳೆ. ಬೆಳಕು ಸಿಗದಿದ್ದರೆ ಸಾಯುತ್ತದೆಂದು ಲಾರಿಯ ಹಳೇ ತಾಡಪತ್ರಿ ಹೊದಿಸಿ, ಅಂಚಿಗೆಲ್ಲ ಕಲ್ಲು ಹೇರಿ, ಬೀಗುತ್ತ ಕುಳಿತಿದ್ದೆ.

ಒಂದು ಮಧ್ಯಾಹ್ನ ಅದಿರಿನ ದಲ್ಲಾಳಿಯೊಬ್ಬ ನೇರ ಹಿತ್ತಲಿಗೇ ಬಂದ. "ಅದಿರು ಭಾಳ ಜ್ವಾಕಿಯಿಂದ ಮುಚ್ಚೀರಿ ಸಾರ್. ನಮಗ ಕೊಡ್ರಿ."

ಗೋಡೆಯಾಚೆ ಓಣಿಯೇ ನೆರೆದಿತ್ತು. ನನ್ನ ಮಾನ ಹೋದಂತಾಯಿತು.

"ಬರೇ ಹುಲ್ಲು ಐತಪ್ಪ, ನೋಡು!" ಎಂದು ತಾಡಪತ್ರಿ ಎತ್ತಿದೆ. ಬಿಳಚಿಕೊಂಡ ಜೇಕು ಬಿಟ್ಟರೆ ಏನೂ ಇರಲಿಲ್ಲ.

ಪಕ್ಕದ ಮನೆಯ ಗೌರಮ್ಮ ಬಗ್ಗಿ ನೋಡಿ ಕೇಳಿದರು: "ಆಗ್ಲೇ ಸಾಗಿಸಿಬಿಟ್ರೇನ್ರಿ, ಮೇಷ್ಟ್ರ?"

ನಾಚಿಕೆಯಿಂದ ಕುಗ್ಗಿಹೋದೆ. ಆದರೇನು ಮಾಡಲಿ, ಜೇಕು ಇನ್ನೂ ಪೂರ್ತಿ ಸತ್ತಿರಲಿಲ್ಲ. ಅಷ್ಟೂ ಜನರ ಕಣ್ಣೆದುರೇ ಮತ್ತೆ ಮುಚ್ಚಿದೆ.