ಹಲ್ಲು ತೋರಿಸು, ಫೋಟೋ ತೆಗೀತಾರೆ

ನಮ್ಮ ಬಂಧುಬಳಗದಲ್ಲಿ ಮದುವೆಯೋ ನಾಮಕರಣವೋ ಆದಾಗ, ಊಟ ಮುಗಿದು ಎಲೆಯಡಿಕೆ ತಟ್ಟೆ ಸುತ್ತುವ ಹೊತ್ತಿಗೆ ಯಾರಾದರೊಬ್ಬರು ನನ್ನ ಮಗಳನ್ನು ತೋರಿಸಿ, ‘ಹಲ್ಲಿನ ಡಾಕ್ಟರನ್ನೇ ಕಚ್ಚಿದ ಹುಡುಗಿ ಇವಳೇ’ ಎನ್ನುತ್ತಾರೆ. ಎಲ್ಲರೂ ನಗುತ್ತಾರೆ. ನನಗೆ ನಗು ಬರುವುದಿಲ್ಲ. ನಾನು ಸಹನಾವಂತೆ ಎಂದು ಹೆಸರು ಪಡೆದವಳು. ಹಗಲೆಲ್ಲ ಗುಬ್ಬಿಯ ಹೈಸ್ಕೂಲಿನಲ್ಲಿ ಕನ್ನಡ ವ್ಯಾಕರಣ ಹೇಳಿಕೊಟ್ಟು, ಸಂಜೆ ಅತ್ತೆಯ ಜೊತೆ ಬಾಳಿದವಳಿಗೆ ಆ ಹೆಸರು ಬಾರದೆ ಇನ್ನೇನು ಬರಬೇಕು? ಆದರೂ ಈ ಒಂದು ಕಥೆ ಕಿವಿಗೆ ಬಿದ್ದರೆ ಬಾಯಲ್ಲಿರುವ ಅಡಿಕೆಯನ್ನು ನಾನು ಬೇಕಾದ್ದಕ್ಕಿಂತ ಜೋರಾಗಿ ಕಡಿಯುತ್ತೇನೆ. ಅವಳು ಕಚ್ಚಿದ್ದನ್ನು ಊರೆಲ್ಲ ಹೇಳುತ್ತದೆ. ಏಕೆ ಕಚ್ಚಿದಳು ಎಂದು ಯಾರೂ ಹೇಳುವುದಿಲ್ಲ. ಅದನ್ನು ನಾನೇ ಹೇಳಿಬಿಡುತ್ತೇನೆ. ನೀವಾದರೂ ನಗದೆ ಕೇಳಿ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮವರು ಮಾರ್ಕೋನಹಳ್ಳಿಯ ನಾಲೆ ಕೆಲಸದ ಮೇಲೆ ಕುಣಿಗಲ್ ಕಡೆಯೇ ಇದ್ದು, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಮನೆಯಲ್ಲಿ ನಾನು, ಕಡಬದಿಂದ ಬಂದು ನಮ್ಮ ಜೊತೆಗಿದ್ದ ಅತ್ತೆ ಮತ್ತು ಐದು ವರ್ಷದ ಮಗಳು ಉಷಾ. ಅಜ್ಜಿ ಮೊಮ್ಮಗಳ ನಡುವೆ ಒಂದು ಗುಟ್ಟಿನ ವ್ಯವಹಾರವಿತ್ತು. ಅದರ ಹೆಸರು ಕೊಬ್ಬರಿ ಬೆಲ್ಲ. ಆ ವ್ಯವಹಾರದ ಫಲ ಉಷಾಳ ಕೆಳದವಡೆಯಲ್ಲಿ ಕಪ್ಪಗೆ ಕಾಣತೊಡಗಿತು. ರಾಗಿಮುದ್ದೆಗೆ ಹಲ್ಲಿನ ಹಂಗಿಲ್ಲ, ನುಂಗಿದರಾಯಿತು. ಒಂದು ದಿನ ಅವಳು ಮುದ್ದೆ ನುಂಗುವುದಕ್ಕೂ ಅಳತೊಡಗಿದಾಗ ನಾನು ಗಾಬರಿಯಾದೆ.

ಸಲಹೆಗಳು ಬಂದವು. ಹಲ್ಲುನೋವಿಗೆ ಮದ್ದು ಗೊತ್ತಿಲ್ಲದವರು ಈ ನಾಡಿನಲ್ಲಿ ಯಾರಿದ್ದಾರೆ? ಎದುರು ಮನೆಯಾಕೆ ಲವಂಗ ಇಡಿ ಎಂದರು. ಪಕ್ಕದ ಮನೆಯಾಕೆ, ಹಲ್ಲಿನ ಹುಳ ತೆಗೆಯುವ ಹೆಂಗಸೊಬ್ಬಳು ಸಂತೆಗೆ ಬರುತ್ತಾಳೆ, ಕಿವಿಯಿಂದಲೇ ತೆಗೆದು ತೋರಿಸುತ್ತಾಳೆ ಎಂದರು. ಅತ್ತೆಯದು ಒಂದೇ ಮಾತು: “ಹಾಲಲ್ಲು ತಾನೆ, ತಂತಾನೆ ಬಿದ್ದೋಯ್ತದೆ ಬುಡು.”

ಸಂಸ್ಕೃತದಲ್ಲಿ ಹಲ್ಲಿಗೆ ದ್ವಿಜ ಎಂಬ ಹೆಸರೂ ಉಂಟು; ಎರಡು ಸಲ ಹುಟ್ಟುತ್ತದೆ ಎಂದು. ಇದನ್ನು ನಾನು ಎಷ್ಟೋ ಸಲ ತರಗತಿಯಲ್ಲಿ ಜಂಬದಿಂದ ಹೇಳಿದ್ದೆ. ಎರಡು ಸಲ ಹುಟ್ಟುವುದು ಒಂದೇ ಸಲ ನೋಯುತ್ತದೆ ಎಂದು ಯಾವ ನಿಘಂಟಿನಲ್ಲೂ ಬರೆದಿಲ್ಲ. ಆದರೆ ಹಾಲುಹಲ್ಲು ಎಂದಕೂಡಲೇ ದೊಡ್ಡವರು ಕೈ ಬೀಸಿಬಿಡುತ್ತಾರೆ. ಹಲ್ಲು ಹೇಗೂ ಬೀಳುತ್ತದೆ, ಮಗುವೂ ಹೇಗೂ ಬೆಳೆಯುತ್ತದೆ, ಅಲ್ಲಿಯವರೆಗೆ ಅಳಲಿ! ಕೆನ್ನೆ ಬಾತು, ಮೈ ಸುಡತೊಡಗಿದ ಮೇಲೆ ನಾನು ಯಾರ ಮಾತೂ ಕೇಳಲಿಲ್ಲ. ಶಾಲೆಗೆ ರಜ ಬರೆದು, ಮಗುವನ್ನು ಎತ್ತಿಕೊಂಡು ತುಮಕೂರಿನ ಬಸ್ಸು ಹತ್ತಿದೆ.

ತುಮಕೂರಿನ ಉಪ್ಪಾರಹಳ್ಳಿಯಲ್ಲಿ ನಮ್ಮವರ ಅಣ್ಣನ ಮನೆ. ಭಾವನವರು ಒಂದು ಕಚೇರಿಯಲ್ಲಿ ಹೆಡ್ ಕ್ಲರ್ಕು. ಮನೆಯಲ್ಲೂ ಹೆಡ್ಡು. ಒಳ್ಳೆಯವರೇ, ಯಾರಿಗೆ ಏನು ಕಷ್ಟ ಬಂದರೂ ಛತ್ರಿ ಹಿಡಿದು ಹೊರಟುಬಿಡುವವರು. ಆದರೆ ಅವರು ಹೊರಟ ಮೇಲೆ ಕಷ್ಟ ಪಟ್ಟವರು ಬಾಯಿ ಬಿಡುವ ಹಾಗಿಲ್ಲ.

“ಶಾರದಾ, ನೀನ್ ಸುಮ್ನಿರಮ್ಮ. ಮಕ್ಳನ್ನ ಹೆಂಗ್ ಕರ್ಕೊಂಡ್ ಹೋಗ್ಬೇಕು ಅಂತ ನಂಗೊತ್ತು,” ಎಂದರು. ನಾನು ಅಡುಗೆಮನೆಯಲ್ಲಿ ಓರಗಿತ್ತಿಯ ಕೈಯಿಂದ ಕಾಫಿ ತೆಗೆದುಕೊಂಡು ಬರುವಷ್ಟರಲ್ಲಿ ಉಷಾ ಕಣ್ಣೊರೆಸಿಕೊಂಡು, ಮುಖಕ್ಕೆ ಪೌಡರ್ ಹಾಕು ಎಂದು ದೊಡ್ಡಮ್ಮನ ಹಿಂದೆ ಬಿದ್ದಿದ್ದಳು. ತಲೆಗೆ ಕನಕಾಂಬರ ಬೇಕಂತೆ. ಬಾತ ಕೆನ್ನೆಯ ಮೇಲೆ ಪೌಡರ್ ಮೆತ್ತಿಸಿಕೊಂಡು ನಡೆದಳು. ದೊಡ್ಡಪ್ಪನ ಮನೆಗೆ ಬಂದ ಸಡಗರ ಎಂದುಕೊಂಡೆ.

ದವಾಖಾನೆ ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲಿತ್ತು. ಮೆಟ್ಟಿಲು ಹತ್ತುವಾಗ ಅವಳು ನನ್ನ ಸೆರಗು ಜಗ್ಗಿದಳು. “ಅಮ್ಮ, ಫೋಟೋದಲ್ಲಿ ನಗ್ಬೇಕಾ, ಸುಮ್ನೆ ಕೂತ್ಕೋಬೇಕಾ?”

ನನಗೆ ಆಗ ಅರ್ಥವಾಯಿತು. ಭಾವನವರು ಅವಳನ್ನು ಫೋಟೋ ಸ್ಟುಡಿಯೋಗೆಂದು ನಂಬಿಸಿ ಕರೆದುಕೊಂಡು ಬಂದಿದ್ದರು!

“ಭಾವ, ಇದೇನಿದು?” ಎಂದೆ. ಅವರು ತುಟಿಯ ಮೇಲೆ ಬೆರಳಿಟ್ಟು, ಕಣ್ಣು ಮಿಟುಕಿಸಿ, ಮಗುವನ್ನು ಎತ್ತಿ ಒಳಗೆ ಆ ದೊಡ್ಡ ಕುರ್ಚಿಯ ಮೇಲೆ ಕೂರಿಸಿಯೇಬಿಟ್ಟರು. ಕುರ್ಚಿ ಮೇಲೆ ಕೆಳಗೆ ಆಡುತ್ತಿತ್ತು. ತಲೆಯ ಮೇಲೆ ದೀಪ ಹತ್ತಿತು. ಸ್ಟುಡಿಯೋದಲ್ಲಿ ಇರುವುದೂ ಇಂಥದೇ ಅಲ್ಲವೆ? ಉಷಾ ಲಂಗದ ನೆರಿಗೆ ಸರಿಮಾಡಿಕೊಂಡು, ಕೈ ತೊಡೆಯ ಮೇಲಿಟ್ಟು, ಬಾತ ಕೆನ್ನೆಯನ್ನು ಅತ್ತ ತಿರುಗಿಸಿ ಕೂತಳು.

“ಹಲ್ಲು ತೋರ್ಸು ಪುಟ್ಟಿ,” ಎಂದರು ಡಾಕ್ಟರು. ಭಾವನವರ ಪರಿಚಯದವರು; ನಾಟಕದಲ್ಲಿ ಅವರಿಗೂ ಪಾಲಿತ್ತು. ಅವಳು ನಕ್ಕಳು.

“ಇನ್ನೂ ಚೆನ್ನಾಗಿ ಬಾಯಿ ಬಿಡು. ಹಾಂ. ಈಗ ಕಣ್ಮುಚ್ಕೋ, ಫೋಟೋ ತೆಗೀತೀನಿ.”

“ಕಣ್ಮುಚ್ಕೊಂಡ್ರೆ ಫೋಟೋ ಚೆನ್ನಾಗ್ ಬರಲ್ಲ,” ಎಂದಳು ಉಷಾ.

ಅಲ್ಲಿದ್ದ ನಾಲ್ವರಲ್ಲಿ ನಿಜ ನುಡಿದವಳು ಅವಳೊಬ್ಬಳೇ. ಆದರೂ ದೊಡ್ಡವರು ಹೇಳಿದರೆಂದು ಕಣ್ಣು ಮುಚ್ಚಿದಳು. ಭಾವನವರು ಹಿಂದಿನಿಂದ ಎರಡೂ ಕೈ ಹಿಡಿದರು. ಡಾಕ್ಟರ ಬೆನ್ನ ಹಿಂದಿದ್ದ ಸೂಜಿ ಮುಂದಕ್ಕೆ ಬಂತು. ನಾನು “ತಡೀರಿ” ಎಂದು ಕೂಗುವಷ್ಟರಲ್ಲಿ ಅದು ವಸಡಿಗೆ ತಾಗಿತ್ತು, ಉಷಾಳ ಬಾಯಿ ಮುಚ್ಚಿತ್ತು, ಡಾಕ್ಟರ ಬೆರಳು ಒಳಗಿತ್ತು.

ಡಾಕ್ಟರು ಕಿರುಚಿದರು. ಬೆರಳು ಬಿಡಿಸಿಕೊಂಡು ಅವಳ ತೊಡೆಗೆ ಪಟ್ಟನೆ ಒಂದೇಟು ಕೊಟ್ಟರು. ಭಾವನವರು, “ಏನ್ಲೇ ಇದು, ನಾಯಿ ಥರ! ತಪ್ಪಾಯ್ತು ಅಂತ ಕೇಳು ಡಾಕ್ಟರ್ನ,” ಎಂದು ಗದರಿದರು.

ಕನ್ನಡದಲ್ಲಿ ಸಿಟ್ಟಿನ ವಾಸವೇ ಹಲ್ಲಿನಲ್ಲಿ. ಹಲ್ಲು ಕಡಿಯುತ್ತೇವೆ, ಹಲ್ಲು ಮುರೀತೀನಿ ಎನ್ನುತ್ತೇವೆ, ಹಲ್ಲು ಉದುರಿಸ್ತೀನಿ ಎನ್ನುತ್ತೇವೆ. ಸಹನೆಗೂ ಅದೇ ಜಾಗ; ಹಲ್ಲು ಕಚ್ಚಿ ಸಹಿಸುತ್ತೇವೆ. ಮದುವೆಯಾದಂದಿನಿಂದ ನಾನು ಎರಡನೆಯ ಪಾಠವನ್ನೇ ಓದಿದ್ದೆ. ಅವತ್ತು ನನ್ನ ಹಲ್ಲು ಸಡಿಲವಾಯಿತು.

“ಅವಳು ಕೇಳಲ್ಲ,” ಎಂದೆ. ಅದು ನನ್ನ ಧ್ವನಿಯೇ ಎಂದು ನನಗೇ ಅನುಮಾನವಾಯಿತು. “ತಪ್ಪಾಯ್ತು ಅನ್ಬೇಕಾದೋರು ನೀವಿಬ್ರು. ಫೋಟೋ ಅಂತ ನಂಬಿಸಿ ಕಣ್ಮುಚ್ಚಿಸಿ ಸೂಜಿ ಚುಚ್ಚಿದ್ರಲ್ಲ, ನಾಚಿಕೆ ಆಗಲ್ವಾ? ನಿಮ್ಗೆ ಯಾರಾದ್ರೂ ಹಂಗ್ ಮಾಡಿದ್ರೆ ಕಚ್ತಿರ್ಲಿಲ್ವಾ ಭಾವ?”

ಭಾವನವರು ಬಾಯಿ ತೆರೆದು ಹಾಗೇ ನಿಂತರು. ಬೇಕಿದ್ದರೆ ಡಾಕ್ಟರು ಅವರ ಅಷ್ಟೂ ಹಲ್ಲು ಎಣಿಸಬಹುದಿತ್ತು.

ಮಗುವನ್ನು ಎತ್ತಿಕೊಂಡು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಬಿಕ್ಕಳಿಕೆಯ ನಡುವೆ ಅವಳು ಕೇಳಿದಳು, “ಫೋಟೋ ಇಲ್ವಾ ಅಮ್ಮ?”

“ಇಲ್ಲ. ಇದು ಹಲ್ಲಿನ ಡಾಕ್ಟರ್ ಮನೆ. ನಿನ್ನ ಹಲ್ಲು ಕೆಟ್ಟೋಗಿದೆ, ಅದನ್ನ ತೆಗೀಬೇಕು.”

“ನೋಯುತ್ತಾ?”

ಇಲ್ಲ ಎನ್ನುವ ಮಾತು ನನ್ನ ನಾಲಿಗೆಯ ತುದಿಗೂ ಬಂದಿತ್ತು. ಮಕ್ಕಳ ಮುಂದೆ ಅದು ತಾನಾಗಿಯೇ ಬರುತ್ತದೆ. ದೊಡ್ಡವರಿಗೆ ಹೀಗೆ ಹೇಳಿದರೆ ಮೋಸ ಎನ್ನುತ್ತೇವೆ, ಪೊಲೀಸ್ ಸ್ಟೇಷನ್ನಿಗೂ ಹೋಗುತ್ತೇವೆ. ಮಗುವಿಗೆ ಹೇಳಿದರೆ ಅದರ ಹೆಸರು ಪುಸಲಾಯಿಸುವುದು. ಎಷ್ಟು ಮುದ್ದಾದ ಪದ!

“ನೋಯುತ್ತೆ,” ಎಂದೆ. “ಸೂಜಿ ಚುಚ್ಚಿದಾಗ ಜಾಸ್ತಿ ನೋಯುತ್ತೆ. ಆಮೇಲೆ ಕೆನ್ನೆ ಜೋಮು ಹಿಡ್ಯುತ್ತೆ. ಹಲ್ಲು ಕೀಳುವಾಗ ಯಾರೋ ಜಗ್ಗಿದ ಹಾಗಾಗುತ್ತೆ.”

“ನಿಂಗೆ ಹೆಂಗ್ ಗೊತ್ತು?”

ನಾನು ಬಾಯಿ ತೆರೆದು, ಅವಳು ಹುಟ್ಟುವ ಮೊದಲೇ ಕೀಳಿಸಿದ್ದ ದವಡೆಹಲ್ಲಿನ ಜಾಗ ತೋರಿಸಿದೆ. ಅವಳು ಬೆರಳು ಹಾಕಿ ಆ ಖಾಲಿ ಜಾಗವನ್ನು ಮುಟ್ಟಿ ನೋಡಿದಳು. ಮೆಟ್ಟಿಲು ಹತ್ತಿ ಬರುತ್ತಿದ್ದ ರೋಗಿಯೊಬ್ಬರು ನಮ್ಮನ್ನು ನೋಡಿ, ಇಲ್ಲಿ ವೈದ್ಯರು ಯಾರು ಎಂದು ತಿಳಿಯದೆ ಪಕ್ಕಕ್ಕೆ ಸರಿದು ನಿಂತರು.

“ನಾಳೆ ತೆಗ್ಸೋಣ,” ಎಂದಳು.

“ನಾಳೆ ಇನ್ನೂ ಜಾಸ್ತಿ ಜ್ವರ ಬರುತ್ತೆ. ಇವತ್ತೇ ಆಗ್ಬೇಕು.”

ನನ್ನ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಆಮೇಲೆ ಹೇಳಿದಳು, “ಸೂಜಿ ನಂಗೆ ಮೊದ್ಲು ತೋರಿಸ್ಬೇಕು. ದೊಡ್ಡಪ್ಪ ಒಳಗ್ ಬರ್ಬಾರ್ದು.”

ನಾವು ಒಳಗೆ ಹೋದೆವು. ಡಾಕ್ಟರು ಬೆರಳಿಗೆ ಬಟ್ಟೆ ಸುತ್ತಿಕೊಂಡು, ಮುಖ ಗಂಟು ಹಾಕಿ ಕೂತಿದ್ದರು. ಮಗುವಿನ ಷರತ್ತು ಹೇಳಿದೆ.

“ಸೂಜಿ ತೋರಿಸಿದ್ರೆ ಯಾವ ಮಗು ರೀ ಬಾಯಿ ಬಿಡುತ್ತೆ?”

“ಇದು ಬಿಡುತ್ತೆ. ಬಿಡದಿದ್ರೆ ನಾವು ಹೋಗ್ತೀವಿ. ಹೊಡೆಯೋ ಹಾಗಿದ್ರೆ ಈಗ್ಲೇ ಹೋಗ್ತೀವಿ.”

ಭಾವನವರನ್ನು ಹೊರಗೆ ಕಳಿಸಿದೆ. ಹೌದು, ನಾನೇ ಕಳಿಸಿದೆ. ಡಾಕ್ಟರು ಗೊಣಗುತ್ತ ಸೂಜಿ ಎತ್ತಿ ತೋರಿಸಿದರು. ಉಷಾ ಅದರ ತುದಿಯನ್ನು ದಿಟ್ಟಿಸಿ ನೋಡಿ, ನನ್ನ ಕೈ ಹಿಡಿದು, ಬಾಯಿ ತೆರೆದಳು. ಧೈರ್ಯವಾಗಿ ಸುಮ್ಮನೆ ಕೂತಳು ಎಂದು ಹೇಳಿದರೆ ಸುಳ್ಳಾಗುತ್ತದೆ. ಕೆಳಗಿನ ಬಟ್ಟೆ ಅಂಗಡಿಯವರು ಹತ್ತಿ ಬಂದು ನೋಡುವಷ್ಟು ಜೋರಾಗಿ ಅತ್ತಳು. ಆದರೆ ಬಾಯಿ ಮುಚ್ಚಲಿಲ್ಲ. ಹಲ್ಲು ಬಂತು.

ಕೈ ತೊಳೆಯುತ್ತ ಡಾಕ್ಟರು, “ನೋಡಿ, ಒಂದೇಟು ಬಿದ್ಮೇಲೆ ಹೆಂಗ್ ಬುದ್ಧಿ ಬಂತು,” ಎಂದರು. ಅಷ್ಟು ಕಣ್ಣಾರೆ ಕಂಡ ಮೇಲೂ! ಉತ್ತರ ಕೊಡದೆ ಮೆಟ್ಟಿಲಿಳಿದೆ. ಅದಕ್ಕೊಂದು ಉತ್ತರ ಕೊಟ್ಟು ಬರಬೇಕಿತ್ತು ಎಂದು ಇವತ್ತಿಗೂ ಅಡುಗೆ ಮಾಡುವಾಗ ಒಬ್ಬಳೇ ಒಳ್ಳೊಳ್ಳೆ ಉತ್ತರಗಳನ್ನು ಹೇಳಿಕೊಳ್ಳುತ್ತೇನೆ. ಯಾವುದೂ ವ್ಯಾಕರಣಬದ್ಧವಾಗಿಲ್ಲ.

ಬೀದಿಯಲ್ಲಿ ಭಾವನವರು ಮೆತ್ತಗಾಗಿ, “ಬಾ ಪುಟ್ಟಿ, ನಿಜವಾಗ್ಲೂ ಫೋಟೋ ತೆಗೆಸ್ತೀನಿ,” ಎಂದರು. ಅವರಿಗೆ ಮನಸ್ಸಿನಲ್ಲಿ ಚುಚ್ಚಿತ್ತು, ನಾನು ಬಲ್ಲೆ. ಉಷಾ ಹತ್ತಿ ತುಂಬಿದ ಬಾಯಲ್ಲೇ, “ಬೇಡ, ಮತ್ತೆ ಅಲ್ಲಿಗೇ ಕರ್ಕೊಂಡ್ ಹೋಗ್ತೀರ,” ಎಂದು ನನ್ನ ಹಿಂದೆ ಅವಿತಳು. ಮುಂದೆ ಶಾಲೆಯ ಗುಂಪಿನ ಫೋಟೋಗಳಲ್ಲೂ ಅವಳು ತುಟಿ ಬಿಗಿದೇ ನಿಂತಳು. ಹಲ್ಲು ಹೋದರೆ ಇನ್ನೊಂದು ಬರುತ್ತದೆ, ದ್ವಿಜ. ಹೋದ ನಂಬಿಕೆ ಹಾಗೆ ಚಿಗುರುವುದಿಲ್ಲ. ನನ್ನ ಸಿಟ್ಟು ಇರುವುದು ಅಲ್ಲಿ.

ಮುಂದಿನ ಬೇಸಗೆಯಲ್ಲಿ ಅತ್ತೆಯ ಅಂಗಾಲಿನಲ್ಲಿ ಮುಳ್ಳು ಮುರಿದು ಕೀವಾಯಿತು. ಆಸ್ಪತ್ರೆಗೆ ಹೋಗಿ ಸೂಜಿ ಚುಚ್ಚಿಸಿ ಕೊಯ್ಸಬೇಕು ಎಂದರು ಕಾಂಪೌಂಡರು. ನಮ್ಮವರು, ನೋಡಲು ಬಂದ ಭಾವನವರು, ಅಕ್ಕಪಕ್ಕದವರು ಎಲ್ಲರೂ ಸುತ್ತ ನಿಂತು, “ಏನೂ ಆಗಲ್ಲ, ಇರುವೆ ಕಚ್ದಂಗೆ ಅಷ್ಟೆ” ಎಂದರು. ಅತ್ತೆ ಗೋಡೆಗೆ ಒರಗಿ ಕೂತು ಯಾರ ಮಾತಿಗೂ ಅಲ್ಲಾಡಲಿಲ್ಲ. ಕೊನೆಗೆ ಅಂಗಳದಲ್ಲಿ ಆಡುತ್ತಿದ್ದ ಉಷಾಳನ್ನು ಕೂಗಿದರು.

“ಬಾ ಮಗ ಇಲ್ಲಿ. ಇವರ್ಯಾರೂ ದಿಟ ಹೇಳಾಕಿಲ್ಲ. ನೀ ಹೇಳು, ಸೂಜಿ ಚುಚ್ಚುದ್ರೆ ನೋಯ್ತದಾ?”

“ನೋಯುತ್ತೆ ಅಜ್ಜಿ,” ಎಂದಳು ಉಷಾ. “ತುಂಬಾ ನೋಯುತ್ತೆ. ಅತ್ರೆ ಪರವಾಗಿಲ್ಲ.”

ಅತ್ತೆ ಕೋಲಿಗಾಗಿ ಕೈ ಚಾಚಿದರು. “ಹಂಗಾರೆ ನಡಿ,” ಎಂದರು. “ನೀ ಜೊತೇಗ್ ಬಾ.”