ಗೋಡೆಯಾಚೆಯ ತಾಳ

ಹಾಡು ಕಟ್ಟುವುದು, ಗಿಟಾರ್ ನುಡಿಸುವುದು, ಬೀರುವಿನ ಬಟ್ಟೆಗಳ ನಡುವೆ ಮೈಕ್ ತೂಗುಹಾಕಿ ರೆಕಾರ್ಡ್ ಮಾಡುವುದು, ಎಲ್ಲ ಅವಳೇ. ಯಾವ ಆಡಿಯೊ ಕಂಪನಿಯ ಹಂಗೂ ಇರಲಿಲ್ಲ. ದನಿ ತುಸು ಒರಟು, ಆದರೆ ನೆಟ್ಟಗೆ ಎದೆಗೆ ನಾಟುತ್ತಿತ್ತು. ಪಕ್ಕದ ಕೋಣೆಯಿಂದ, ಟೈಲರಿಂಗ್ ಮಾಡುವ ಅವಳ ಅಮ್ಮನ ಹೊಲಿಗೆ ಮಷೀನಿನ ಟಕಟಕ ಮಾತ್ರ ಪ್ರತಿ ಹಾಡಿಗೂ ನುಸುಳುತ್ತಿತ್ತು. “ಸ್ವಲ್ಪ ನಿಲ್ಸಮ್ಮ” ಎಂದರೆ, “ನಿನ್ನ ಹಾಡಿಂದ ಹೊಟ್ಟೆ ತುಂಬುತ್ತಾ?” ಎಂದು ಅಮ್ಮ ಮಷೀನು ತುಳಿಯುತ್ತಲೇ ಇದ್ದಳು.

ಹತ್ತು ವರ್ಷದ ಮೇಲೆ, ಐದನೇ ಆಲ್ಬಮ್ಮನ್ನು ಸ್ಟುಡಿಯೋದಲ್ಲಿ ಹಾಡಿದಳು. ಟಕಟಕದ ಸುಳಿವೂ ಇಲ್ಲದ, ತೊಳೆದಿಟ್ಟಂಥ ಹಾಡುಗಳು. ಬೀಗುತ್ತಾ ಅಮ್ಮನಿಗೆ ಕೇಳಿಸಿದಳು.

ಅಮ್ಮ ಮೂಗು ಮುರಿದಳು. “ಎರಡನೇ ಸಾಲಿಗೇ ತಾಳ ಬಿಟ್ಟು ಓಡೋಕೆ ಶುರು ಮಾಡ್ತೀಯ. ಅದಕ್ಕೇ ಕಣೇ, ನೀನು ಹಾಡೋಕೆ ಕೂತಾಗೆಲ್ಲ ಬಟ್ಟೆ ಪಕ್ಕಕ್ಕಿಟ್ಟು ಖಾಲಿ ಮಷೀನು ತುಳೀತಿದ್ದಿದ್ದು.”