ಮಾವ ಹಿಡಿದ ತಕ್ಕಡಿ

ನಮ್ಮ ನಾಯಿಗೆ ಹುಟ್ಟಿನಿಂದಲೇ ಸ್ನಾಯು ಸವೆಯುವ ರೋಗ. ಮೂಡುಬಿದಿರೆಯ ಡಾಕ್ಟರು ಗುಳಿಗೆ ಕೊಟ್ಟು, "ಬಲ ಎಷ್ಟುಂಟು ಅಂತ ವಾರಕ್ಕೊಮ್ಮೆ ಅಳೆದು ಫೋನ್ ಮಾಡಿ. ಅದನ್ನು ನೋಡಿಯೇ ನಾನು ಗುಳಿಗೆ ಹೆಚ್ಚು ಕಡಿಮೆ ಮಾಡುವುದು" ಎಂದರು. ಎದೆಗೆ ಪಟ್ಟಿ ಕಟ್ಟಿ, ಹಿಂದಿನಿಂದ ಕೊಕ್ಕೆಯ ತಕ್ಕಡಿ ಸಿಕ್ಕಿಸಿ ಅಲುಗದಂತೆ ಹಿಡಿದು, ಎದುರಿಗೆ ತಿಂಡಿ ತೋರಿಸಬೇಕು. ನಾಯಿ ಎಳೆದಷ್ಟು ಕಿಲೋ ಅದರ ಬಲ. ಅವರೇ ಅಳೆದಾಗ ಮೂರು ಬಂತು.

ಕೊಕ್ಕೆಯ ತಕ್ಕಡಿಗೆ ಬಿ.ಸಿ.ರೋಡಿನ ನಮ್ಮ ಮನೆಯಲ್ಲಿ ಬರವೇ? ಮೂವತ್ತು ವರ್ಷ ದುಬೈಯಲ್ಲಿದ್ದು ಬಂದ ಸೋದರಮಾವ, ಪೆಟ್ಟಿಗೆ ತೂಗುವ ತಮ್ಮ ತಕ್ಕಡಿಯನ್ನು ದೇವರ ಕೋಣೆಯಲ್ಲಿ ಇಡದಿದ್ದದ್ದೇ ಪುಣ್ಯ. ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆಯಡಿಗೆ ಕಾಲಿನ ಹೆಬ್ಬೆರಳು ಕೊಟ್ಟು ತೂಕ ಇಳಿಸುತ್ತಿದ್ದ ಮಹಾನುಭಾವರು. "ತಕ್ಕಡಿ ನನಗೆ ಬಿಡು, ನಿನ್ನಿಂದೆಲ್ಲ ಆಗ್ಲಿಕ್ಕಿಲ್ಲ" ಎಂದರು. ದಿನವಿಡೀ "ಈ ದರಿದ್ರ ನಾಯಿಗೆ ಔಷಧವಂತೆ, ಕರ್ಮ!" ಎಂದು ಬೈಯುವವರೂ ಅವರೇ. ನಾನು ಒಣಮೀನು ಹಿಡಿದು ಎದುರಿಗೆ ಕೂತೆ.

ಎರಡನೇ ವಾರ ನಾಲ್ಕು, ಮೂರನೇ ವಾರ ಆರು, ನಾಲ್ಕನೇ ವಾರ ಎಂಟು! "ನೋಡಿದಿಯಾ? ಇನ್ನು ಗಾಡಿಗೆ ಕಟ್ಟುವ" ಎಂದರು ಮಾವ. ಫೋನಿನಲ್ಲಿ ಡಾಕ್ಟರಿಗೂ ಖುಷಿ. "ಹಾಗಾದ್ರೆ ಇನ್ನು ಅರ್ಧ ಗುಳಿಗೆ ಸಾಕು" ಎಂದರು. ಎಂಟು ಕಿಲೋ ಎಳೆಯುವ ಪೈಲ್ವಾನ ಮೆಟ್ಟಿಲು ಹತ್ತುವಾಗ ಮಾತ್ರ ನನ್ನ ಕೈಗಾಗಿ ಕಾಯುತ್ತಿತ್ತು. ಸೋಮಾರಿತನ ಎಂದುಕೊಂಡ ಮಹಾ ಬುದ್ಧಿವಂತ ನಾನು.

ಆರನೇ ವಾರ ಮಾವ ಬೆಳ್ತಂಗಡಿಗೆ ಮದುವೆಗೆ ಹೋಗಿದ್ದರು. ತಕ್ಕಡಿಯನ್ನು ಜಗಲಿಯ ಕಂಬಕ್ಕೆ ಕಟ್ಟಿದೆ. ನಾಯಿ ಮೀನು ನೋಡಿತು, ಎಳೆಯಿತು, ಹಿಂಗಾಲು ನಡುಗಿತು. ಎರಡು ಕಿಲೋ. ಮೂರು ಸಲ ನೋಡಿದರೂ ಎರಡೇ. ಕಂಬಕ್ಕೆ ಹಿಂದಕ್ಕೆ ಜಗ್ಗಲು ಬರುವುದಿಲ್ಲವಲ್ಲ.

ಸಂಜೆ ಮಾವನನ್ನು ಕೇಳಿದೆ.

"ಸ್ವಲ್ಪ ಎಳೆದದ್ದು ಮಾರಾಯ" ಎಂದರು. "ಬಲ ಬರ್ಲಿಲ್ಲ ಅಂದ್ರೆ ಔಷಧ ನಿಲ್ಲಿಸ್ತಾರೆ ಅಂತ ಹೆದರಿಕೆ ಆಯ್ತು."

ನನಗೆ ಸಿಟ್ಟು ನೆತ್ತಿಗೇರಿತು. "ನೀವು ಎಳೆದದ್ದಕ್ಕೇ ಗುಳಿಗೆ ಅರ್ಧ ಆದದ್ದು!"

ಮಾವ ಮದುವೆಯ ಬಿಳಿ ಪಂಚೆಯಲ್ಲೇ ನಾಯಿಯ ಪಕ್ಕ ನೆಲದಲ್ಲಿ ಕುಳಿತುಬಿಟ್ಟರು. ಡಾಕ್ಟರಿಗೆ ಫೋನ್ ಮಾಡಿ ನಿಜ ಹೇಳಿದವರೂ ಅವರೇ. ಗುಳಿಗೆ ಮತ್ತೆ ಪೂರ್ತಿಯಾಯಿತು.

ಈಗ ತಕ್ಕಡಿ ಕಂಬಕ್ಕೆ ಖಾಯಂ. ಮಾವನಿಗೆ ಮೀನು ಹಿಡಿಯುವ ಕೆಲಸ ಮಾತ್ರ. ವಾರಕ್ಕೊಮ್ಮೆ ಎದುರಿಗೆ ಕೂತು, "ಬಾ ಮಗಾ, ಇನ್ನೂ ಸ್ವಲ್ಪ" ಎಂದು ಕರೆಯುತ್ತಾರೆ. ನಾಯಿ ಇದ್ದ ಬಲವನ್ನೆಲ್ಲ ಹಾಕಿ ಅವರ ಕಡೆಗೆ ಎಳೆಯುತ್ತದೆ. ಎರಡು ಕಿಲೋ. ಮೊದಲ ದಿನ ಡಾಕ್ಟರು ಅಳೆದ ಆ ಮೂರು ಮತ್ತೆ ಬಂದಿಲ್ಲ.